ಮಲಗುವ ಕೋಣೆಯ ಮೂರನೆಯವನು

ರಾಯಬಾಗ ಕಡೆಯ ಗೃಹಿಣಿಯೊಬ್ಬರು ನಾಲ್ಕು ತಿಂಗಳಲ್ಲಿ ಐದು ಸಲ ತಲೆನೋವು, ನಿದ್ರೆ ಇಲ್ಲ ಎಂದು ನನ್ನಲ್ಲಿಗೆ ಬಂದಿದ್ದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ರಕ್ತದೊತ್ತಡ ಸರಿಯಿತ್ತು, ರಕ್ತಹೀನತೆ ಇರಲಿಲ್ಲ, ಕಣ್ಣಿನ ಪರೀಕ್ಷೆಯೂ ಆಗಿತ್ತು. ಆರನೆಯ ಸಲ ಅತ್ತೆಯವರನ್ನು ಹೊರಗೆ ಕೂರಿಸಿ, ನರ್ಸ್ ಎದುರಿಗೆ ಸಮಾಧಾನವಾಗಿ ಕೇಳಿದಾಗ ಅಳುತ್ತ ಹೇಳಿದರು: "ಅವರು ರಾತ್ರಿ ಎರಡರ ತನಕ ಮೊಬೈಲ್‌ನ್ಯಾಗ ಹೊಲಸ ಸಿನಿಮಾ ನೋಡತಾರ್ರಿ. ನೀನೂ ಹಂಗ ಮಾಡು ಅಂತಾರ. ಒಲ್ಲೆ ಅಂದ್ರ ಎರಡ ದಿನ ಮಾತ ಬಿಡತಾರ. ನನ್ನಾಗ ಏನ್ ಕಡಿಮಿ ಐತ್ರಿ ಸಾಹೇಬ್ರ?"

ಅವರಲ್ಲಿ ಕಡಿಮೆ ಏನೂ ಇರಲಿಲ್ಲ. ಆದರೆ ಈ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಬೆನ್ನುನೋವು, ಎದೆಬಡಿತ ಎಂದು ಬರುವ ಹೆಣ್ಣುಮಕ್ಕಳು ಚಿಕ್ಕೋಡಿ, ನಿಪ್ಪಾಣಿ ಕಡೆಯಲ್ಲೂ ಇದ್ದಾರೆ, ಅಥಣಿ, ಕಾಗವಾಡ ಕಡೆಯಲ್ಲೂ ಇದ್ದಾರೆ.

ಹಿಂದೆ ನೀಲಿ ಚಿತ್ರ ನೋಡಬೇಕಾದರೆ ವಿಡಿಯೋ ಪಾರ್ಲರಿನ ಮೆಟ್ಟಿಲು ಹತ್ತಬೇಕಿತ್ತು. ಯಾರಾದರೂ ಕಂಡಾರು ಎಂಬ ಅಂಜಿಕೆಯೇ ಕಡಿವಾಣವಾಗಿತ್ತು. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು, ಕಡಿವಾಣ ತಪ್ಪಿತು. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪ ಬಂದು ಮೂವರು ಸಚಿವರು ರಾಜೀನಾಮೆ ಕೊಟ್ಟರು. ತಪ್ಪು ಮಾಡಿಲ್ಲವೆಂದು ಹೇಳಿದ ಆ ಮೂವರಲ್ಲಿ ಒಬ್ಬರು ಆಗಿನ ಅಥಣಿ ಶಾಸಕರಾದ್ದರಿಂದ ನಮ್ಮ ಭಾಗದ ಚಹಾದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಸದನದ ಮರ್ಯಾದೆಯ ಬಗ್ಗೆ ಎಲ್ಲರೂ ಮಾತಾಡಿದರು. ಮನೆಯೊಳಗಿನ ಮಾತು ಮಾತ್ರ ಯಾರ ಬಾಯಿಗೂ ಬರಲಿಲ್ಲ.

ನೋಡಿದವರೆಲ್ಲ ರೋಗಿಗಳಲ್ಲ, ಹೆಂಗಸರೂ ನೋಡುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಿಂದ ಜಾರಿಯಲ್ಲಿದೆ. ಹತೋಟಿ ಮೀರಿದ ಲೈಂಗಿಕ ವರ್ತನೆ ಅದರಲ್ಲಿ ಒಂದು ಕಾಯಿಲೆ. ಆರು ತಿಂಗಳು ಅಥವಾ ಹೆಚ್ಚು ಕಾಲ ಬಿಡಲು ಯತ್ನಿಸಿಯೂ ಆಗದೆ, ಸಂಸಾರ, ಕೆಲಸ, ಆರೋಗ್ಯ ಕೆಡುತ್ತಿದ್ದರೆ ಮಾತ್ರ ಆ ಹೆಸರು. ಬರೀ ಪಾಪಪ್ರಜ್ಞೆಯಿಂದ ಕೊರಗುವುದು ಈ ಕಾಯಿಲೆಯಲ್ಲ.

ದಾಂಪತ್ಯಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ಎರಡು ಕಡೆಯಿಂದ. ಒಂದು ಹೋಲಿಕೆ. ಪರದೆಯ ಮೇಲಿರುವವರು ಹಣಕ್ಕೆ ನಟಿಸುವವರು. ಹಲವು ಸಲ ಚಿತ್ರಿಸಿ, ಕತ್ತರಿಸಿ, ಜೋಡಿಸಿದ್ದನ್ನು ಗಂಡ ನಿಜವೆಂದು ನಂಬುತ್ತಾನೆ. ಹಗಲೆಲ್ಲ ಹೊಲ, ಅಡುಗೆ, ಮಕ್ಕಳು ಎಂದು ದಣಿದ ಹೆಂಡತಿ ಆ ಲೆಕ್ಕದಲ್ಲಿ ಸೋಲಲೇಬೇಕು. ಇನ್ನೊಂದು ಮುಚ್ಚುಮರೆ. ನನ್ನ ಅನುಭವದಲ್ಲಿ ಚಿತ್ರಕ್ಕಿಂತಲೂ ಹೆಚ್ಚು ಗಾಯ ಮಾಡುವುದು ಇದೇ. ಫೋನ್ ಬೋರಲು ಇಡುವುದು, ಸುಳ್ಳು ಹೇಳುವುದು, ಸಿಕ್ಕಿಬಿದ್ದಾಗ ಸಿಟ್ಟಾಗುವುದು. ಅಮೆರಿಕದಲ್ಲಿ 2006ರಿಂದ 2014ರವರೆಗೆ ಅದೇ ಜನರನ್ನು ಮತ್ತೆ ಮತ್ತೆ ಕೇಳಿದ ಸಮೀಕ್ಷೆಯಲ್ಲಿ, ಮದುವೆಯಾದ ಮೇಲೆ ಈ ಚಟ ಆರಂಭಿಸಿದವರಲ್ಲಿ ವಿಚ್ಛೇದನದ ಸಂಭವ ಶೇ. 6ರಿಂದ 11ಕ್ಕೆ ಏರಿತ್ತು. ಚಿತ್ರವೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ; ಮೊದಲೇ ಮುರಿದ ಮನಸ್ಸು ಫೋನಿನ ಕಡೆ ಹೊರಳಿರಲೂಬಹುದು.

ಕೆಲವು ಗಂಡಸರಿಗೆ ಹೆಂಡತಿಯ ಬಳಿ ನಿಮಿರುವಿಕೆ ಬರುವುದಿಲ್ಲ. ಆಗ ಎಲ್ಲ ತಪ್ಪನ್ನೂ ಮೊಬೈಲಿನ ಮೇಲೆ ಹಾಕಬೇಡಿ. ಹೀಗೆ ಹೇಳಿಕೊಂಡು ಬಂದವರೊಬ್ಬರ ರಕ್ತ ಪರೀಕ್ಷಿಸಿದರೆ ಸಕ್ಕರೆ 300 ದಾಟಿತ್ತು! ಸಕ್ಕರೆ, ರಕ್ತದೊತ್ತಡ, ತಂಬಾಕು, ಸಾರಾಯಿ, ಎಲ್ಲವನ್ನೂ ಕೇಳಬೇಕು. ಬಸ್ ನಿಲ್ದಾಣದ ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತಿನವರು ಇದನ್ನು ಕೇಳುವುದಿಲ್ಲ, ಹಣ ಕೇಳುತ್ತಾರೆ. ಅಂಗಡಿಯಿಂದ ಸಿಲ್ಡೆನಾಫಿಲ್ ಮಾತ್ರೆ ತಾವೇ ತಂದು ನುಂಗುವುದೂ ಸಲ್ಲದು. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಪ್ರಾಣಾಪಾಯ.

ಮಾತನ್ನು ಹಗಲು ಹೊತ್ತಿನಲ್ಲಿ, ಮಕ್ಕಳಿಲ್ಲದಾಗ ತೆಗೆಯಿರಿ, ಹಾಸಿಗೆಯಲ್ಲಿ ಬೇಡ. ಅತ್ತೆ, ಮಾವ, ತವರಿನವರನ್ನು ಮೊದಲೇ ಎಳೆತಂದರೆ ಗಂಡ ಇನ್ನಷ್ಟು ಬಚ್ಚಿಡುತ್ತಾನೆ. ಫೋನನ್ನು ಪಡಸಾಲೆಯಲ್ಲಿ ಚಾರ್ಜಿಗಿಡುವ ಒಪ್ಪಂದ ಮಾಡಿಕೊಳ್ಳಿ. ಹೆಂಡತಿ ಒಲ್ಲೆನೆಂದರೆ ಅದು ಒಲ್ಲೆಯೇ. ಬಲವಂತವಿದ್ದರೆ, ಒಪ್ಪಿಗೆಯಿಲ್ಲದೆ ವಿಡಿಯೋ ತೆಗೆದಿದ್ದರೆ ಮಾತುಕತೆ ಸಾಲದು, ಕಾನೂನಿನ ನೆರವು ಪಡೆಯಬೇಕು. ಮಕ್ಕಳ ಅಶ್ಲೀಲ ದೃಶ್ಯ ನೋಡುವುದು, ಫೋನಿನಲ್ಲಿಟ್ಟುಕೊಳ್ಳುವುದೇ ಅಪರಾಧವೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಆ ಗೃಹಿಣಿಯ ಗಂಡ ಎರಡು ವಾರಗಳ ನಂತರ ಒಬ್ಬರೇ ಬಂದರು. ಮೊದಲು ಕೆಮ್ಮು ಎಂದರು. ಆಮೇಲೆ ಬಾಗಿಲು ಹಾಕಿದರು. ಈಗ ನೋಡುವುದು ತಗ್ಗಿದೆ, ಪೂರ್ತಿ ನಿಂತಿಲ್ಲ. ಹೆಂಡತಿಗೆ ಅದು ಗೊತ್ತಿದೆ, ತಲೆನೋವೂ ಕಡಿಮೆಯಾಗಿದೆ. ನನ್ನ ಕೈಮೀರಿದವರನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕಳಿಸುತ್ತೇನೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.