ಅಂಬಾರಿಯ ಚಿನ್ನ, ಅಕ್ಕಸಾಲಿಗನ ಹೆಸರು

ವಿಜಯದಶಮಿಯ ಮಧ್ಯಾಹ್ನ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಜನಸಂದಣಿಯಲ್ಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ‘750 ಕಿಲೋ ಚಿನ್ನ ಹೊತ್ತು ಆನೆ ಬರ್ತಿದೆ!’ ಅಂಕಿ ಸರಿ, ಅರ್ಥ ತಪ್ಪು. 750 ಕಿಲೋ ಅಂಬಾರಿಯ ಒಟ್ಟು ತೂಕ. ಒಳಗಿರುವುದು ಮರದ ಮಂಟಪ. ಅದಕ್ಕೆ ಹೊದಿಸಿದ ಚಿನ್ನ ಸುಮಾರು 80ರಿಂದ 85 ಕಿಲೋ.

ಚಿನ್ನ ನೀರಿಗಿಂತ 19 ಪಟ್ಟು ಭಾರ. ಹಾಗಾಗಿ 80 ಕಿಲೋ ಚಿನ್ನವನ್ನು ಕರಗಿಸಿದರೆ ಸಿಗುವುದು ನಾಲ್ಕು ಲೀಟರಿನಷ್ಟು ಲೋಹ ಮಾತ್ರ. ಅರ್ಧ ಮಿಲಿಮೀಟರ್ ದಪ್ಪದ ತಗಡಾಗಿ ಬಡಿದರೆ ಎಂಟು ಚದರ ಮೀಟರ್ ಮುಚ್ಚಬಹುದು. ಮೇಲಾಗಿ ಅಪ್ಪಟ ಚಿನ್ನ ಮೆದು. ಆನೆಯ ಹೆಜ್ಜೆಹೆಜ್ಜೆಗೂ ಓಲಾಡುವ ಮಂಟಪದ ಭಾರ ತಡೆಯುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಮರದ್ದು. ಅಕ್ಕಸಾಲಿಗನ ಕೈಚಳಕ ಕಾಣುವುದು ತಗಡಿನಲ್ಲಿ: ಅರಗಿನ ಮೇಲೆ ಕೂರಿಸಿ, ಹಿಂದಿನಿಂದ ಬಡಿದು ಉಬ್ಬಿಸಿ, ಮುಂದಿನಿಂದ ಸಣ್ಣ ಉಳಿಯಲ್ಲಿ ಗೆರೆ ತಿದ್ದುವುದು ಈ ಕಸುಬಿನ ಹಳೆಯ ದಾರಿ. ಏಟು ಒಂದಿಷ್ಟು ಜೋರಾದರೂ ತಗಡು ಹರಿಯುತ್ತದೆ. ಅಂಬಾರಿಯನ್ನು ಬರೀ ಕಿಲೋ ಲೆಕ್ಕದಲ್ಲಿ ಹೊಗಳುವವರಿಗೆ ಈ ಕುಸುರಿ ಕಾಣದೇ ಹೋಗುತ್ತದೆ.

ಎರಡನೆಯ ನಂಬಿಕೆ ಇನ್ನೂ ಗಟ್ಟಿ. ಅಂಬಾರಿ ದೇವಗಿರಿಯಿಂದ ಕುಮ್ಮಟದುರ್ಗಕ್ಕೆ, ಅಲ್ಲಿಂದ ವಿಜಯನಗರಕ್ಕೆ, ಕೊನೆಗೆ ಒಡೆಯರ ಕೈಗೆ ಬಂತು ಎಂಬ ಕಥೆ ಸೊಗಸಾಗಿದೆ. ಆದರೆ ಇಂದು ಕಣ್ಣಿಗೆ ಕಾಣುವ ಚಿನ್ನದ ಕೆಲಸಕ್ಕೆ ಮೈಸೂರು ನೆನೆಯುವ ಹೆಸರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು: ಸ್ವರ್ಣಕಲಾ ನಿಪುಣ ಸಿಂಗಣ್ಣಾಚಾರ್ಯ. ಅಂಬಾರಿಯಲ್ಲಿರುವ ಪುಟ್ಟ ಕೆಂಪು, ಹಸಿರು ವಿದ್ಯುತ್ ದೀಪಗಳೂ ಆ ಕಾಲದ ಗುರುತೇ. ಮೆರವಣಿಗೆ ನಿಲ್ಲಬೇಕೋ ಸಾಗಬೇಕೋ ಎಂಬ ಸೂಚನೆಯನ್ನು ಮಹಾರಾಜರು ಅವುಗಳಿಂದ ಕೊಡುತ್ತಿದ್ದರು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ದೇವಗಿರಿಯ ಯಾದವರ ಕಾಲಕ್ಕೆ ಇಂಥ ದೀಪ ಎಲ್ಲಿತ್ತು?

ಅದೇ ವರ್ಷಗಳಲ್ಲಿ ಯುರೋಪಿನ ಆಭರಣ ವಿನ್ಯಾಸಕಾರರು ಜಗತ್ಪ್ರಸಿದ್ಧರಾಗುತ್ತಿದ್ದರು. ಅಲ್ಲಿನ ಒಡವೆಗಳಿಗೆ ಕಲಾವಿದನ ಹೆಸರಿದೆ, ನಮ್ಮವು ಅನಾಮಿಕರ ಕಸುಬು ಎಂದು ಹೇಳುವ ರೂಢಿ ಹುಟ್ಟಿದ್ದು ಹೀಗೆ. ಇದು ಎರಡೂ ಕಡೆಗೆ ಅನ್ಯಾಯ. ರಷ್ಯಾದ ಚಕ್ರವರ್ತಿಗಳಿಗಾಗಿ ತಯಾರಾದ 50 ಈಸ್ಟರ್ ಮೊಟ್ಟೆಗಳು ಕಾರ್ಲ್ ಫಾಬರ್ಜೆಯವು ಎಂದು ಜಗತ್ತು ನಂಬಿದೆ. ಆತ ಅವನ್ನು ಕೈಯಾರೆ ಮಾಡಿದವನಲ್ಲ. 1903ರವರೆಗೆ ಮಿಖಾಯಿಲ್ ಪೆರ್ಖಿನ್, ನಂತರ ಹೆನ್ರಿಕ್ ವಿಗ್‌ಸ್ಟ್ರೋಮ್ ಎಂಬ ಮೇಸ್ತ್ರಿಗಳ ಕಾರ್ಯಾಗಾರಗಳಲ್ಲಿ ಬಹುಪಾಲು ಮೊಟ್ಟೆಗಳು ರೂಪುಗೊಂಡವು. 1913ರ ‘ಚಳಿಗಾಲದ ಮೊಟ್ಟೆ’ಯ ವಿನ್ಯಾಸ ಆಲ್ಮಾ ಪಿಲ್ ಎಂಬ ಯುವತಿಯದು. ಕಿಟಕಿ ಗಾಜಿನ ಮೇಲೆ ಕಟ್ಟಿದ ಹಿಮದ ಹರಳುಗಳನ್ನು ನೋಡಿ ಆಕೆಗೆ ಇಂಥ ಆಭರಣಗಳ ಕಲ್ಪನೆ ಹೊಳೆದಿತ್ತು. ಪ್ಯಾರಿಸ್‌ನ ಕಾರ್ಟಿಯೆ ಮನೆತನದ ಕಥೆಯೂ ಅಷ್ಟೆ. 1911ರ ದೆಹಲಿ ದರ್ಬಾರಿನ ವೇಳೆಗೆ ಜಾಕ್ ಕಾರ್ಟಿಯೆ ಭಾರತಕ್ಕೆ ಬಂದ. ಮುಂದೆ 1920ರ ದಶಕದಲ್ಲಿ ಆ ಸಂಸ್ಥೆಗೆ ಕೀರ್ತಿ ತಂದ ಕೆಂಪು, ಹಸಿರು, ನೀಲಿಯ ಎಲೆ ಹೂಗಳ ಒಡವೆಗಳಲ್ಲಿ ಪ್ಲಾಟಿನಂ ಕಟ್ಟು ಯುರೋಪಿನದು. ಹರಳಿನ ಮೇಲಿನ ಕೆತ್ತನೆ ಭಾರತದ ಕುಶಲಕರ್ಮಿಗಳದು. ಅವರ ಹೆಸರು ಯಾವ ಡಬ್ಬಿಯ ಮೇಲೂ ಅಚ್ಚಾಗಲಿಲ್ಲ. ಆ ಮಟ್ಟಿಗೆ ಅಕ್ಕಸಾಲಿಗನಿಗೆ ಬಿರುದು ಕೊಟ್ಟು ನೆನಪಿಟ್ಟುಕೊಂಡ ಮೈಸೂರು ಹೆಮ್ಮೆಪಡಬಹುದು.

ಇನ್ನು ಮನೆಯ ಪೆಟ್ಟಿಗೆಯೊಳಗಿನ ನಂಬಿಕೆ. ಅಜ್ಜಿಯ ಕೆಂಪಿನೋಲೆ, ಅಡ್ಡಿಗೆ ನೂರು ವರ್ಷ ಹಳೆಯದು, ಆದ್ದರಿಂದ ಹರಳೆಲ್ಲ ಬರ್ಮಾದ ಗಣಿಯಿಂದ ಬಂದ ಮಾಣಿಕ್ಯ ಎನ್ನುತ್ತಾರೆ. ಆದರೆ ಫ್ರಾನ್ಸ್‌ನ ಆಗಸ್ಟ್ ವೆರ್ನುಯಿ ಕುಲುಮೆಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲೇ. ಕೆಲವೇ ವರ್ಷಗಳಲ್ಲಿ ಅಂಥ ಕಲ್ಲು ಅಗ್ಗವಾಗಿ ಜಗತ್ತಿನಾದ್ಯಂತ ಹರಡಿತು. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಅದನ್ನು ಕತ್ತರಿಸಿ ಸಾಣೆ ಹಿಡಿಯುವ ಕಸುಬೇ ಬೆಳೆಯಿತು. ಒಡವೆ ಹಳೆಯದಾದರೂ ಕಲ್ಲು ಕುಲುಮೆಯದಾಗಿರಬಹುದು. ಹಾಗೆಂದು ಅದನ್ನು ಗಾಜು ಎಂದು ಜರೆಯುವುದೂ ತಪ್ಪು. ಗಣಿಯ ಮಾಣಿಕ್ಯವೂ ಕುಲುಮೆಯ ಮಾಣಿಕ್ಯವೂ ಕ್ರೋಮಿಯಂನಿಂದ ಬಣ್ಣ ಪಡೆದ ಅಲ್ಯೂಮಿನಿಯಂ ಆಕ್ಸೈಡೇ. ವ್ಯತ್ಯಾಸ ಭೂತಗನ್ನಡಿಯಲ್ಲಿ ಸಿಗುತ್ತದೆ: ಕುಲುಮೆಯದರಲ್ಲಿ ಬಾಗಿದ ಗೆರೆ, ಗಾಳಿಗುಳ್ಳೆ, ಗಣಿಯದರಲ್ಲಿ ನೇರ ಗೆರೆ, ಸೂಜಿಯಂಥ ಎಳೆ. ಕುಂದಣದ ಕಟ್ಟಿನಲ್ಲಿ ಹರಳಿನ ಹಿಂಬದಿ ಮುಚ್ಚಿ, ಹೊಳಪಿನ ತಗಡು ಇಟ್ಟಿರುವುದರಿಂದ ಬರಿಗಣ್ಣಿಗೆ ಎಲ್ಲವೂ ಒಂದೇ ಕೆಂಪು.

ಕೈಕೆಲಸದ ಅಕ್ಕಸಾಲಿಗರು ಮರೆಯಾದದ್ದು ಯಂತ್ರದಿಂದ ಎಂಬ ಮಾತು ಅರ್ಧ ಸತ್ಯ. ಯಂತ್ರದ ಒಡವೆ ಅಂಗಡಿ ತುಂಬುವ ಮೊದಲೇ ಪೆಟ್ಟು ಬಿದ್ದಿತ್ತು. 1963ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಚಿನ್ನ ನಿಯಂತ್ರಣ ನಿಯಮ 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡುವುದನ್ನೇ ನಿಷೇಧಿಸಿತು. 22 ಕ್ಯಾರೆಟ್ಟಿನ ಮೆದು ಚಿನ್ನಕ್ಕೆ ಪಳಗಿದ ಕೈಗೆ, ತಾಮ್ರ ಬೆಳ್ಳಿ ಹೆಚ್ಚು ಬೆರೆತ ಬಿರುಸು ಲೋಹ ಒಗ್ಗಲಿಲ್ಲ, ಗಿರಾಕಿಗೂ ಬೇಡವಾಯಿತು. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 14 ಕ್ಯಾರೆಟ್‌ನ ಕಟ್ಟಳೆ ಮೂರ್ನಾಲ್ಕು ವರ್ಷಗಳಲ್ಲಿ ಸಡಿಲವಾಯಿತು, ಆದರೆ 1968ರಲ್ಲಿ ನಿಯಂತ್ರಣವೇ ಕಾಯ್ದೆಯಾಯಿತು. ಅದು ರದ್ದಾದದ್ದು 1990ರಲ್ಲಿ. ಅಪ್ಪನ ಪಕ್ಕ ಕೂತು ಊದುಕೊಳವೆ ಹಿಡಿಯಬೇಕಿದ್ದ ಎಷ್ಟೋ ಮಕ್ಕಳು ಅಷ್ಟರಲ್ಲಿ ಬೇರೆ ಉದ್ಯೋಗ ಹುಡುಕಿಕೊಂಡಿದ್ದರು.