ಸೂಜಿಯ ಮುಂದೆ ದಿನಗೂಲಿಯವನು

2020ರ ಮಾರ್ಚ್ 25ರಂದು ದೇಶವೇ ಬಾಗಿಲು ಮುಚ್ಚಿದಾಗ, ಬೆಂಗಳೂರಿನ ಕಟ್ಟಡದ ಕೆಲಸವನ್ನು ನಂಬಿದ್ದ ಮಡಕಶಿರಾ ಸೀಮೆಯ ಕುಟುಂಬಗಳಿಗೆ ರೋಗಕ್ಕಿಂತ ಮೊದಲು ತಟ್ಟಿದ್ದು ಚಿಂತೆ. ನಿಂತುಹೋದ ಕೂಲಿ, ತೀರದ ಕೈಸಾಲ, ಮುಚ್ಚಿದ ಶಾಲೆ. ನಿದ್ದೆ ಬಾರದಿದ್ದರೂ ಅದನ್ನು ಕಾಯಿಲೆಯೆಂದು ಕರೆಯುವ ರೂಢಿ ಅಗಳಿಯಂಥ ನಮ್ಮ ಊರುಗಳಲ್ಲಿಲ್ಲ. ‘ಯೋಚನೆ ಹತ್ತಿದೆ’ ಎನ್ನುತ್ತೇವೆ, ಅಷ್ಟೆ.

ಮರುವರ್ಷ ಲಸಿಕೆಗೆ ಹಿಂಜರಿದವರನ್ನು ಅಜ್ಞಾನಿಗಳೆಂದು ಜರೆದವರುಂಟು. ಚುಚ್ಚಿಸಿಕೊಂಡ ಮೇಲೆ ಒಂದೆರಡು ದಿನ ಜ್ವರ, ಮೈನೋವು ಬರಬಹುದೆಂದು ವೈದ್ಯರೇ ತಿಳಿಸುತ್ತಿದ್ದರು. ಸಂಬಳದವರಿಗೆ ಅದು ರಜೆ. ದಿನಗೂಲಿಯವರಿಗೆ ಎರಡು ದಿನದ ಅನ್ನ. ಮೊದಲೇ ಕಂಗೆಟ್ಟ ಮನಸ್ಸಿಗೆ ವದಂತಿಯೂ ಬೇಗ ನಾಟುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ ಜನರು ಮನೆ ತೊರೆದು ಓಡಿದರು, ಪ್ಲೇಗಿನ ಮಾರಮ್ಮನಿಗೆ ಗುಡಿ ಕಟ್ಟಿದರು. ಭಯಕ್ಕೆ ಆಸರೆ ಬೇಕು.

ಭಾಷೆಯದೂ ಒಂದು ತೊಡಕು. 2021ರ ಮೇ 1ರಿಂದ 18 ವರ್ಷ ದಾಟಿದವರಿಗೂ ಲಸಿಕೆಯೆಂದಾಯಿತು. ಆದರೆ 45ರೊಳಗಿನವರು ಕೋವಿನ್ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕಿತ್ತು. ನೇರವಾಗಿ ಕೇಂದ್ರಕ್ಕೆ ಹೋಗಿ ಬರೆಯಿಸುವ ಅವಕಾಶ ಮೇ ಕೊನೆಯ ವಾರದವರೆಗೂ ಇರಲಿಲ್ಲ. ಆ ತಾಣದಲ್ಲಿ ಕನ್ನಡ ಕಾಣಿಸಿದ್ದು ಜೂನ್‌ನಲ್ಲಿ. ಅಕ್ಷರ ಬಲ್ಲ ಮಕ್ಕಳೇ ಅಪ್ಪ ಅಮ್ಮಂದಿರ ಗುಮಾಸ್ತರಾಗಬೇಕಾಯಿತು. (ಆ ಸೇವೆಗೆ ಅಂಕ ಕೊಟ್ಟವರಿಲ್ಲ.)

ಲಸಿಕೆಯ ಸರತಿ ಮುಗಿದಿದೆ; ಯೋಚನೆ ಹತ್ತಿದವರು ಇಂದಿಗೂ ಇದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಮಾತಿನ ಭಾಷೆಯನ್ನು ಕರೆ ಮಾಡಿದವರೇ ಆರಿಸಿಕೊಳ್ಳಬಹುದು. ಅದರಲ್ಲಿ ಕನ್ನಡವೂ ಉಂಟು.