ಮಧುರೆಯ ಮೋಟಾರು ವರ್ತಕರು

ಟಿ.ವಿ.ಎಸ್. ಎಂಬ ಮೂರಕ್ಷರವನ್ನು ಅರಿಯದ ಕನ್ನಡಿಗರು ವಿರಳ. ಅದರಲ್ಲೂ ಚೆನ್ನೈ, ಮಧುರೆಗಳಲ್ಲಿ ನೆಲೆಸಿರುವ ನಮ್ಮವರಿಗೆ ಅದು ಮನೆಮಾತು. ಮೈಸೂರಿನ ಬಳಿಯೂ ಆ ಹೆಸರಿನ ಕಾರ್ಖಾನೆಯುಂಟು. ಆದರೆ ಆ ಅಕ್ಷರಗಳ ಹಿಂದಿರುವ ತಿರುಕ್ಕುರುಂಗುಡಿ ವೆಂಗಾರಾಮ್ ಸುಂದರಂ ಅಯ್ಯಂಗಾರ್ಯರ ಬಾಳನ್ನು ಬಲ್ಲವರು ಎಷ್ಟು ಮಂದಿ?

ಅಯ್ಯಂಗಾರ್ಯರು ಹುಟ್ಟಿದ್ದು 1877ರಲ್ಲಿ, ತಿರುನೆಲ್ವೇಲಿ ಸೀಮೆಯಲ್ಲಿ. ಮೊದಲು ವಕೀಲಿ, ಆಮೇಲೆ ರೈಲ್ವೆ ನೌಕರಿ, ಅನಂತರ ಬ್ಯಾಂಕಿನ ಕೆಲಸ. ತಿಂಗಳು ತುಂಬಿದೊಡನೆ ಕೈಗೆ ಸಂಬಳ ಬರುವ ಸುಖವನ್ನು ನಮ್ಮಂಥ ಗುಮಾಸ್ತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಸುಖವನ್ನು ಬಿಟ್ಟು, 1911ರಲ್ಲಿ ಅವರು ತಮ್ಮದೇ ವ್ಯವಹಾರಕ್ಕೆ ಇಳಿದರು; ಮರುವರ್ಷವೇ ಬಸ್ಸು ಓಡಿಸತೊಡಗಿದರು. ಎತ್ತಿನ ಗಾಡಿಗಳ ಕಾಲ ಅದು. ಲಾಳದ ಮೊಳೆಗಳು ರಸ್ತೆಯ ತುಂಬ ಚೆಲ್ಲಿ ಟೈರುಗಳನ್ನು ತೂತು ಮಾಡುತ್ತಿದ್ದವು. ಆ ಮೊಳೆಗಳನ್ನು ಆಯಲು ಅಯಸ್ಕಾಂತ ಕಟ್ಟಿದ ಗಾಡಿಯನ್ನೇ ರಸ್ತೆಯ ಮೇಲೆ ಓಡಿಸಿದರೆಂದೂ, ಅವರ ಬಸ್ಸು ಕಂಡು ಜನ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂದೂ ಆ ಕಡೆ ಈಗಲೂ ಹೇಳುವುದುಂಟು.

ಬಸ್ಸಿನಿಂದ ಕಾರಿನ ಮಾರಾಟಕ್ಕೆ ಬಂದುದು ಸಹಜವೇ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿ ಮುಂಬಯಿಯಲ್ಲಿ ವಾಹನ ಜೋಡಿಸುವ ಕಾರ್ಖಾನೆ ತೆರೆಯಿತು. ಆ ಕಂಪನಿಯ ವಾಹನಗಳನ್ನು ದಕ್ಷಿಣದಲ್ಲಿ ಮಾರುವ ಏಜೆನ್ಸಿ ಇವರ ಸಂಸ್ಥೆಗೆ ದೊರೆಯಿತು. ಕಾರನ್ನು ಒಮ್ಮೆ ಮಾರಿ ಹಣ ಎಣಿಸಿಕೊಂಡರೆ ವರ್ತಕನ ಕೆಲಸ ಮುಗಿಯದು. ಬಿಡಿಭಾಗ ದಾಸ್ತಾನಿರಬೇಕು, ರಿಪೇರಿಗೆ ನುರಿತ ಕೈಗಳಿರಬೇಕು, ಕೊಂಡವನು ಮತ್ತೆ ತನ್ನ ಬಾಗಿಲಿಗೇ ಬರುವಂತಿರಬೇಕು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಅಭಾವವಾದಾಗ, ಇದ್ದಿಲಿನಿಂದ ಅನಿಲ ತಯಾರಿಸಿ ವಾಹನ ಓಡಿಸುವ ಯಂತ್ರಗಳನ್ನು ಈ ಸಂಸ್ಥೆ ಮಾಡಿ ಕೊಟ್ಟಿತು. ಗಿರಾಕಿಯ ಗಾಡಿ ನಿಂತರೆ ತನ್ನ ಅಂಗಡಿಯೂ ನಿಂತಂತೆಯೇ ಎಂಬುದು ಅವರಿಗೆ ತಿಳಿದಿತ್ತು.

ಮಕ್ಕಳು ಒಬ್ಬೊಬ್ಬರಾಗಿ ಅಂಗಡಿಗೆ ಹೆಗಲು ಕೊಟ್ಟರು. ಅವರಲ್ಲಿ ಟಿ.ಎಸ್. ಸಂತಾನಂ ಅವರು 1954ರಲ್ಲಿ ಸುಂದರಂ ಫೈನಾನ್ಸ್ ಸ್ಥಾಪಿಸಿದರು. ಇಡುಗಂಟು ಇಲ್ಲದವನೂ ಸಾಲ ಮಾಡಿ ಲಾರಿ ಕೊಂಡು, ಅದರ ದುಡಿಮೆಯಿಂದಲೇ ಕಂತು ತೀರಿಸುವ ದಾರಿ ತೆರೆಯಿತು.

ವ್ಯಾಪಾರದ ಈ ಏಳಿಗೆಗಿಂತ ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಮಗಳ ವಿಷಯ. ಸೌಂದರಂ ಅವರು ಎಳೆಯ ವಯಸ್ಸಿನಲ್ಲೇ ವಿಧವೆಯಾದರು. ಅಂದಿನ ಸಂಪ್ರದಾಯಸ್ಥ ಮನೆಗಳಲ್ಲಿ ಅಂಥ ಹೆಣ್ಣಿನ ಪಾಲಿಗೆ ಉಳಿಯುತ್ತಿದ್ದುದು ಮನೆಯ ಒಂದು ಮೂಲೆ ಮಾತ್ರ. ಇವರಾದರೋ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ 1936ರಲ್ಲಿ ವೈದ್ಯೆಯಾದರು. 1940ರಲ್ಲಿ ಗಾಂಧೀಜಿಯ ಆಶೀರ್ವಾದದೊಂದಿಗೆ, ಬೇರೆ ಜಾತಿಯವರಾದ ಜಿ. ರಾಮಚಂದ್ರನ್ ಅವರನ್ನು ಮದುವೆಯಾದರು. ಇದನ್ನು ಒಪ್ಪುವುದು ಹೆತ್ತವರಿಗೆ ಸುಲಭದ ಮಾತಾಗಿರಲಿಲ್ಲ. ಆ ದಂಪತಿಗಳು 1947ರಲ್ಲಿ ದಿಂಡಿಗಲ್ಲಿನ ಬಳಿ ಗಾಂಧಿಗ್ರಾಮವನ್ನು ಕಟ್ಟಿದರು. ಸೌಂದರಂ ಮುಂದೆ ಕೇಂದ್ರದಲ್ಲಿ ಶಿಕ್ಷಣದ ಉಪಮಂತ್ರಿಯೂ ಆದರು.

ಅಯ್ಯಂಗಾರ್ಯರು 1955ರಲ್ಲಿ ತೀರಿಕೊಂಡರು. ಅವರ ಸಂತತಿಯವರು ಕೂಡಿ ನಡೆಸಿದ ಒಡೆತನವು 2022ರಲ್ಲಿ ಶಾಖೆಶಾಖೆಯಾಗಿ ಹಂಚಿಹೋಯಿತು; ಯಾರು ಯಾವ ಕಂಪನಿಯನ್ನು ನಡೆಸುತ್ತಿದ್ದರೋ ಅದು ಅವರವರ ಪಾಲಿಗೆ ಬಂತು. ಆಸ್ತಿ ಎಂದಮೇಲೆ ಎಂದಾದರೊಂದು ದಿನ ಪಾಲಾಗಲೇಬೇಕು. ಪರವೂರಿನಲ್ಲಿ ಮಕ್ಕಳಿಗಾಗಿ ಕಾಸಿಗೆ ಕಾಸು ಕೂಡಿಸುವ ನಾವೂ ಒಂದು ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು: ಆ ಮನೆಯ ಮಗಳು ಪಡೆದ ವಿದ್ಯೆಯನ್ನು ಮಾತ್ರ ಯಾವ ಪಾಲುಪತ್ರವೂ ಹಂಚಲಾರದು.